"ಮೊದಲು ಬೆಳೆಯೋಣ, ಕಾನೂನು ಆಮೇಲೆ" ಅನ್ನುವವರಿಗೆ ನನ್ನ ಉತ್ತರ

ಚರಿತ್ರೆ ಪಾಠ ಮಾಡುವವಳಾದ್ದರಿಂದ ಈ ಪ್ರಶ್ನೆ ನನಗೆ ತಪ್ಪಿದ್ದಲ್ಲ. ಕ್ಲಾಸಿನಲ್ಲಿ ಹುಡುಗರು ಕೇಳುತ್ತಾರೆ, ಮದುವೆ ಮನೆಯಲ್ಲಿ ಪಕ್ಕದ ಕುರ್ಚಿಯವರೂ ಕೇಳುತ್ತಾರೆ. "ಮೇಡಂ, ಅಮೆರಿಕ ಮೊದಲು ದುಡ್ಡು ಮಾಡ್ಕೊಂಡಿತು, ಕಾರ್ಮಿಕರ ಕಾನೂನು ಅದೂ ಇದೂ ಎಲ್ಲಾ ಆಮೇಲೆ ತಾನೇ? ನಮಗ್ಯಾಕೆ ಈಗಲೇ ಆ ಉಸಾಬರಿ?" 2023ರಲ್ಲಿ ನಮ್ಮ ರಾಜ್ಯ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆ ಮೀರದ ಹಾಗೆ ದಿನಕ್ಕೆ 12 ಗಂಟೆವರೆಗೂ ದುಡಿಸಬಹುದು ಅಂತ ಮಾಡಿದ ಮೇಲಂತೂ ಈ ಪ್ರಶ್ನೆ ಜಾಸ್ತಿಯಾಗಿದೆ.

ಇಲ್ಲ, ಹಾಗೆ ಆಗಲಿಲ್ಲ. 1913ನೇ ಇಸವಿಯನ್ನೇ ತಗೊಳ್ಳಿ. ಹೆನ್ರಿ ಫೋರ್ಡ್ ತನ್ನ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಅಸೆಂಬ್ಲಿ ಲೈನ್ ಶುರು ಮಾಡಿದ್ದು ಆ ವರ್ಷ. ಜಗತ್ತಿನ ಕಾರ್ಖಾನೆ ಉತ್ಪಾದನೆಯಲ್ಲಿ ಸುಮಾರು ಮೂರನೇ ಒಂದು ಭಾಗ ಅಮೆರಿಕದ್ದೇ ಆಗಿತ್ತು. ಇನ್ನೂ ಓಡುತ್ತಿದ್ದ ಕುದುರೆ ಅದು. ನ್ಯೂಯಾರ್ಕ್ ರಾಜ್ಯ ಒಂದರ ಮೇಲೊಂದು ಕಾರ್ಖಾನೆ ಕಾನೂನು ಪಾಸು ಮಾಡಿದ್ದೂ ಅದೇ ಹೊತ್ತಿನಲ್ಲಿ. ಬೆಳೆದು ಮುಗಿಸಿ, ಕೈ ತೊಳೆದುಕೊಂಡು ಬಂದು ಮಾಡಿದ ಕೆಲಸ ಅದಲ್ಲ.

ಮತ್ತೆ ಯಾಕಾಯಿತು? ಇದಕ್ಕೆ ಒಂದು ಗಾರ್ಮೆಂಟ್ಸ್ ಕಥೆ ಹೇಳಲೇಬೇಕು.

ಮ್ಯಾನ್‌ಹಟನ್‌ನಲ್ಲಿ ಹತ್ತು ಮಹಡಿಯ ಒಂದು ಕಟ್ಟಡ. ಮೇಲಿನ ಮೂರು ಮಹಡಿಯಲ್ಲಿ ಟ್ರಯಾಂಗಲ್ ಅನ್ನುವ ಕಂಪನಿ ಹೆಂಗಸರ ಬ್ಲೌಸ್ ಹೊಲಿಸುತ್ತಿತ್ತು. ಹೊಲಿಯುತ್ತಿದ್ದವರು ಹೆಚ್ಚಾಗಿ ವಲಸೆ ಬಂದ ಯಹೂದಿ ಮತ್ತು ಇಟಾಲಿಯನ್ ಹುಡುಗಿಯರು. 1909ರ ಚಳಿಗಾಲದಲ್ಲಿ ಈ ಹುಡುಗಿಯರೂ ಸೇರಿ ನ್ಯೂಯಾರ್ಕಿನ ಸುಮಾರು 20,000 ಬ್ಲೌಸ್ ಕೆಲಸಗಾರರು ಮುಷ್ಕರ ಹೂಡಿದ್ದರು. ಪೊಲೀಸರು ಎಳೆದುಕೊಂಡು ಹೋದರು, ಬಾಡಿಗೆ ಗೂಂಡಾಗಳು ಹೊಡೆದರು. ಕೊನೆಗೆ ಎಷ್ಟೋ ಕಂಪನಿಗಳು ಯೂನಿಯನ್ ಒಪ್ಪಿಕೊಂಡವು, ಟ್ರಯಾಂಗಲ್ ಮಾತ್ರ ಒಪ್ಪಲಿಲ್ಲ.

1911ರ ಮಾರ್ಚ್ 25, ಶನಿವಾರ ಸಂಜೆ. ಇನ್ನೇನು ಕೆಲಸ ಬಿಡುವ ಹೊತ್ತು. ಎಂಟನೇ ಮಹಡಿಯಲ್ಲಿ ಕಟಿಂಗ್ ಟೇಬಲ್ ಕೆಳಗಿದ್ದ ಬಟ್ಟೆ ಚೂರಿನ ರಾಶಿಗೆ ಬೆಂಕಿ ಹತ್ತಿತು. ಎಂಟು ಮತ್ತು ಹತ್ತನೇ ಮಹಡಿಯವರಲ್ಲಿ ಬಹುತೇಕ ಎಲ್ಲರೂ ಪಾರಾದರು, ಮಾಲೀಕರಿಬ್ಬರೂ ಛಾವಣಿ ಹತ್ತಿ ಉಳಿದುಕೊಂಡರು. ಒಂಬತ್ತನೇ ಮಹಡಿಗೆ ಮಾತ್ರ ಯಾರೂ ಸುದ್ದಿ ಮುಟ್ಟಿಸಲಿಲ್ಲ. ಅಲ್ಲಿ ಎರಡು ಮೆಟ್ಟಿಲ ಬಾಗಿಲು. ಒಂದಕ್ಕೆ ಬೀಗ. ಯಾಕೆ ಗೊತ್ತಾ? ಎಲ್ಲರೂ ಇನ್ನೊಂದು ಬಾಗಿಲಿನಿಂದಲೇ ಹೋಗಬೇಕು, ಅಲ್ಲಿ ಬ್ಯಾಗ್ ತೆಗೆದು ತೋರಿಸಬೇಕು, ಬಟ್ಟೆ ಗಿಟ್ಟೆ ಕದ್ದೊಯ್ಯುತ್ತಾರೇನೋ ಅಂತ. ಹಿಂದುಗಡೆಯ ಕಬ್ಬಿಣದ ಏಣಿ ಜನರ ಭಾರಕ್ಕೆ ಕುಸಿದು ಬಿತ್ತು. ಅಗ್ನಿಶಾಮಕ ದಳ ಬೇಗನೇ ಬಂತು, ಆದರೆ ಅವರ ಏಣಿ ಮುಟ್ಟಿದ್ದು ಆರನೇ ಮಹಡಿವರೆಗೆ. ಉಳಿದ ದಾರಿ ಅಂದರೆ ಕಿಟಕಿ. ಒಟ್ಟು 146 ಜನ ಸತ್ತರು, ಅದರಲ್ಲಿ 123 ಮಂದಿ ಹೆಂಗಸರು ಮತ್ತು ಹುಡುಗಿಯರು. ಅತಿ ಚಿಕ್ಕವರಿಗೆ 14 ವರ್ಷ.

ಅದೇ ಡಿಸೆಂಬರ್‌ನಲ್ಲಿ ಮಾಲೀಕರು ಕೋರ್ಟಿನಲ್ಲಿ ಖುಲಾಸೆಯಾದರು. ಆ ಹೊತ್ತಿಗೆ ಬಾಗಿಲಿಗೆ ಬೀಗ ಬಿದ್ದಿದ್ದು ಅವರಿಗೆ ಗೊತ್ತಿತ್ತು ಅಂತ ಸಾಬೀತಾಗಲಿಲ್ಲವಂತೆ. ಸಿವಿಲ್ ಕೇಸು ಹಾಕಿದ ಕುಟುಂಬಗಳಿಗೆ 1914ರಲ್ಲಿ ಒಂದು ಜೀವಕ್ಕೆ 75 ಡಾಲರ್ ಲೆಕ್ಕದಲ್ಲಿ ಕೈತೊಳೆದುಕೊಂಡರು. ಇದೆಲ್ಲದರ ನಡುವೆ, 1913ರಲ್ಲಿ, ಇಬ್ಬರಲ್ಲೊಬ್ಬ ಮತ್ತೆ ತನ್ನ ಇನ್ನೊಂದು ಕಾರ್ಖಾನೆಯ ಬಾಗಿಲಿಗೆ ಬೀಗ ಹಾಕಿ ಸಿಕ್ಕಿಬಿದ್ದ. ದಂಡ 20 ಡಾಲರ್. "ಮಾಲೀಕರೇ ಕಾಲಕ್ರಮದಲ್ಲಿ ಬದಲಾಗ್ತಾರೆ ಬಿಡಿ" ಅನ್ನುವವರಿಗೆ ನಾನು ಈ 20 ಡಾಲರ್ ಕಥೆ ಹೇಳುತ್ತೇನೆ.

ಬದಲಾದವರು ರಾಜಕಾರಣಿಗಳು. ಅದೂ ಸಾಧು ಸಂತರೇನಲ್ಲ. ನ್ಯೂಯಾರ್ಕನ್ನು ಆಳುತ್ತಿದ್ದದ್ದು ಟ್ಯಾಮನಿ ಹಾಲ್ ಅನ್ನುವ ಪಕ್ಕಾ ವೋಟು-ನೋಟಿನ ಕೂಟ. ಆದರೆ ಮುಷ್ಕರ ನೋಡಿದ್ದರು, ಬೆಂಕಿಯಾದ ಮೇಲೆ ಮಳೆಯಲ್ಲಿ ನೆನೆಯುತ್ತಾ ಲಕ್ಷಾಂತರ ಜನ ಬೀದಿಗಿಳಿದದ್ದನ್ನೂ ನೋಡಿದ್ದರು. ಆ ವಲಸೆ ಗಲ್ಲಿಗಳ ವೋಟು ಸಮಾಜವಾದಿಗಳ ಕಡೆ ಜಾರುತ್ತಿದೆ ಅಂತ ಲೆಕ್ಕ ಹಾಕಲು ಅವರಿಗೆ ಯಾರೂ ಕಲಿಸಬೇಕಿರಲಿಲ್ಲ. ಹೀಗೆ ಜೂನ್ 1911ರಲ್ಲಿ ಕಾರ್ಖಾನೆಗಳ ಸ್ಥಿತಿ ನೋಡಲು ತನಿಖಾ ಆಯೋಗ ಬಂತು. ರಾಬರ್ಟ್ ವ್ಯಾಗ್ನರ್ ಅಧ್ಯಕ್ಷ, ಆಲ್ ಸ್ಮಿತ್ ಉಪಾಧ್ಯಕ್ಷ, ಇಬ್ಬರೂ ರಾಜ್ಯದ ಶಾಸಕರು, ಟ್ಯಾಮನಿ ಹುಡುಗರೇ. ಸ್ಮಿತ್ ಅಂತೂ ಹೈಸ್ಕೂಲ್ ಮೆಟ್ಟಿಲು ಹತ್ತದೆ ಮೀನು ಮಾರ್ಕೆಟ್‌ನಲ್ಲಿ ದುಡಿದವನು.

ಆ ಬೆಂಕಿಯನ್ನು ಕಣ್ಣಾರೆ ಕಂಡಿದ್ದ, ಕಾರ್ಮಿಕರ ಪರ ದುಡಿಯುತ್ತಿದ್ದ ಫ್ರಾನ್ಸಿಸ್ ಪರ್ಕಿನ್ಸ್ ಎಂಬ ಹೆಂಗಸು ಈ ನಾಯಕರನ್ನು ಕಾರ್ಖಾನೆಯಿಂದ ಕಾರ್ಖಾನೆಗೆ ಕರೆದುಕೊಂಡು ಹೋದರು. ಗೋಡೆಯಲ್ಲಿದ್ದ ಕಂಡಿಯೊಳಗೆ ವ್ಯಾಗ್ನರ್ ನುಸುಳುವ ಹಾಗೆ ಮಾಡಿದರು. ಆಚೆಗೆ ಸಿಕ್ಕಿದ್ದು ಹಿಮಗಟ್ಟಿದ ಏಣಿ, ಅದೇ ಆ ಕಾರ್ಖಾನೆಯ 'ತುರ್ತು ದಾರಿ'. ಡಬ್ಬಿ ತರಕಾರಿ ಮಾಡುವ ಕಡೆ ಐದಾರು ವರ್ಷದ ಮಕ್ಕಳು ಕೂತು ಬೀನ್ಸ್ ಸೋಸುವುದನ್ನು ತೋರಿಸಿದರು. ಮುಂದೆ ವಾರಕ್ಕೊಂದು ರಜೆ ಕಡ್ಡಾಯ ಅಂತ ಮಾತು ಬಂದಾಗ ಡಬ್ಬಿ ಕಂಪನಿಗಳು ನಮಗೆ ವಿನಾಯಿತಿ ಕೊಡಿ ಅಂದವು. ಆಗ ಸ್ಮಿತ್ ಎದ್ದು, ಬೈಬಲ್ಲಿನ ಸಬ್ಬತ್ ಕಟ್ಟಳೆಯಲ್ಲಿ (ವಾರಕ್ಕೊಂದು ದಿನ ಕೆಲಸ ಬಿಡಬೇಕು ಅನ್ನುವುದು) ಎಲ್ಲಿ ಹುಡುಕಿದರೂ 'ಡಬ್ಬಿ ಕಾರ್ಖಾನೆ ಹೊರತುಪಡಿಸಿ' ಅಂತ ಕಾಣಲಿಲ್ಲವಲ್ಲ ಅಂದ. ಕೆಲವೇ ವರ್ಷದಲ್ಲಿ 30ಕ್ಕೂ ಹೆಚ್ಚು ಕಾನೂನು ಬಂದವು. ಕೆಲಸದ ಹೊತ್ತಲ್ಲಿ ಬಾಗಿಲಿಗೆ ಬೀಗ ಕೂಡದು, ಬೆಂಕಿ ಬಿದ್ದರೆ ಹೊರಗೆ ಬರುವ ಕವಾಯತು ಆಗಬೇಕು, ಹೆಂಗಸರಿಗೆ ವಾರಕ್ಕೆ 54 ಗಂಟೆ ಮಿತಿ, ಹೀಗೆ. ನಮ್ಮ 1948ರ ಕಾರ್ಖಾನೆ ಕಾಯ್ದೆಯಲ್ಲೂ ಒಳಗೆ ಜನ ಇರುವಾಗ ಬಾಗಿಲಿಗೆ ಬೀಗ ಹಾಕಬಾರದು ಅಂತ ಬರೆದಿದ್ದರು. ಆ ಒಂದು ಸಾಲನ್ನು 'ಉದ್ಯಮಕ್ಕೆ ಅಡ್ಡಿ' ಅಂತ ಹೇಗೆ ಕರೆಯುವುದು?

ಎಲ್ಲಾ ಸಲೀಸಾಗಿ ಆಯಿತು ಅಂದುಕೊಳ್ಳಬೇಡಿ. ಬೇಕರಿ ಕೆಲಸಗಾರರಿಗೆ ದಿನಕ್ಕೆ 10 ಗಂಟೆ ಅನ್ನುವ ನ್ಯೂಯಾರ್ಕ್ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 1905ರಲ್ಲೇ ಹೊಡೆದುಹಾಕಿತ್ತು. 1916ರ ಬಾಲಕಾರ್ಮಿಕ ಕಾನೂನನ್ನು 1918ರಲ್ಲಿ, ಐದಕ್ಕೆ ನಾಲ್ಕು ಮತದಿಂದ, ಬೀಳಿಸಿತು. ಇಂಥ ಮಿತಿಗಳು ದೇಶಕ್ಕೆಲ್ಲ ಗಟ್ಟಿಯಾಗಿ ನಿಂತದ್ದು 1938ರಲ್ಲಿ ಬಂದ ರಾಷ್ಟ್ರೀಯ ಕಾನೂನಿನಿಂದ, ಅದೇ ಪರ್ಕಿನ್ಸ್ ಕಾರ್ಮಿಕ ಮಂತ್ರಿಯಾಗಿದ್ದಾಗ.

ಅಲ್ಲೂ ಒಂದು ಕೊಕ್ಕೆ ಇತ್ತು. 1938ರ ಆ ಕಾನೂನಿನ ಕನಿಷ್ಠ ಕೂಲಿ, ಗಂಟೆಗಳ ಮಿತಿ ಆಗ ಹೊಲದಲ್ಲಿ ದುಡಿಯುವವರಿಗೆ ಇರಲಿಲ್ಲ, ಮನೆಗೆಲಸದವರಿಗೂ ಇರಲಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಈ ಎರಡೂ ಕೆಲಸ ಮಾಡುತ್ತಿದ್ದವರಲ್ಲಿ ಬಹಳಷ್ಟು ಜನ ಕಪ್ಪು ಜನರು, ಅವರಲ್ಲಿ ಹೆಚ್ಚಿನವರಿಗೆ ಅಲ್ಲಿ ವೋಟು ಹಾಕಲು ಬಿಡುತ್ತಿರಲಿಲ್ಲ. ನ್ಯೂಯಾರ್ಕಿನ ಗಲ್ಲಿಯ ಗಂಡಸರಿಗೆ ವೋಟಿತ್ತು, ಅಲ್ಲಿ ಆಯೋಗ ಬಂತು. ಇವರಿಗೆ ಮಾತ್ರ ಕಾಯಿರಿ ಅಂದರು.