ಯಾವ 26? ಸೈಕಲ್ ಶಾಪ್ ಇಡುವವರಿಗೆ

ತಾಲ್ಲೂಕು ಊರಲ್ಲಿ ಸೈಕಲ್ ಶಾಪ್ ಇಡಲು ಹೊರಟವರು ಕೈಲಿದ್ದ ದುಡ್ಡನ್ನೆಲ್ಲ ಹೊಸ ಸೈಕಲ್ಲಿಗೆ ಸುರಿಯುವುದೇ ಹೆಚ್ಚು. ಇಪ್ಪತ್ತು ಗಾಡಿ ಸಾಲಾಗಿ ನಿಂತರೆ ಅಂಗಡಿಗೊಂದು ಕಳೆ ಬರುತ್ತದೆ, ಸರಿ. ಆದರೆ ಹೊಸ ಸೈಕಲ್ ಬಿಕರಿಯಾಗುವುದು ಶಾಲೆ ಶುರುವಾಗುವ ಜೂನ್ ಆಸುಪಾಸಿನಲ್ಲಿ, ಆಮೇಲೆ ದಸರಾ ದೀಪಾವಳಿಗೆ ಒಂದಿಷ್ಟು. ಮಿಕ್ಕ ತಿಂಗಳುಗಳಲ್ಲಿ ಬಾಡಿಗೆ ಕಟ್ಟುವುದು ಟ್ಯೂಬು, ಬ್ರೇಕ್ ಶೂ, ಬಾಲ್ಸು, ಕೇಬಲ್ಲು. 16 ಇಂಚಿನ ಚಕ್ರದ್ದೊಂದು, 20ರದೊಂದು, ಲೇಡೀಸ್ 26 ಒಂದು, ಹುಡುಗರು ಕೇಳುವ ದಪ್ಪ ಟೈರಿನದೊಂದು ಇದ್ದರೆ ಆರಂಭಕ್ಕೆ ಸಾಕು. ಬೇರೆ ಬೇಕೆಂದವರಿಗೆ ಮುಂಗಡ ಹಿಡಿದು ತರಿಸಿಕೊಡಿ. ಉಳಿದ ದುಡ್ಡು ಗೋಡೆಗೆ ಜೋಡಿಸಿದ ಡಬ್ಬಿಗಳಿಗೆ ಹೋಗಲಿ.

ಡಬ್ಬಿ ತುಂಬುವಾಗ ಎಡವುವುದು ಟೈರಿನ ಅಳತೆಯಲ್ಲಿ. ಗಿರಾಕಿ ಬಂದು "26ರ ಟೈರ್ ಕೊಡಿ" ಅಂದರೆ ಅದು ಪೂರ್ತಿ ಮಾತಲ್ಲ. 26 × 1⅜ ಕೂರುವ ರಿಮ್ಮಿನ ಅಡ್ಡಳತೆ 590 ಮಿ.ಮೀ. ದಪ್ಪ ಟೈರಿನ 26 × 1.95, 26 × 2.125 ಕೂರುವುದು 559ರ ರಿಮ್ಮಿಗೆ. ಮಧ್ಯೆ 31 ಮಿ.ಮೀ. ವ್ಯತ್ಯಾಸ, ಎಷ್ಟು ಸೋಪು ನೀರು ಹಚ್ಚಿದರೂ ಒಂದು ಇನ್ನೊಂದಕ್ಕೆ ಹೋಗದು. 20 ಇಂಚಿನಲ್ಲೂ ಇದೇ ಕಥೆ: 20 × 1.95ಕ್ಕೆ 406, 20 × 1⅜ಕ್ಕೆ 451. ಹಳೇ ಕಪ್ಪು ಸೈಕಲ್ಲಿನ 28 × 1½ ಅಂದರೆ 635. ಈಗಿನ 700ಸಿ ಮತ್ತು 29 ಎರಡಕ್ಕೂ ಒಂದೇ 622, 27.5ಕ್ಕೆ 584. ಟೈರಿನ ಪಕ್ಕದಲ್ಲಿ 37-590, 50-559 ಅಂತ ಸಣ್ಣಕ್ಷರದಲ್ಲಿ ಇರುತ್ತದಲ್ಲ, ಅದರ ಕೊನೆಯ ಮೂರಂಕಿಯೊಂದನ್ನೇ ನಂಬಿ. ಹೋಲ್‌ಸೇಲ್ ಅಂಗಡಿಗೆ ಫೋನ್ ಮಾಡಿ ಆರ್ಡರ್ ಹೇಳುವಾಗಲೂ 37-590 ಅಂತ ಪೂರ್ತಿ ಹೇಳಿ. ತಪ್ಪು ಟೈರ್ ಒಂದು ಡಜನ್ ಬಂದರೆ ವರ್ಷಗಟ್ಟಲೆ ಅಟ್ಟದ ಮೇಲೆ ಕೂತಿರುತ್ತದೆ.

ಮೊದಲ ಖರೀದಿಗೆ ಒಂದು ಅಂದಾಜು ಹೇಳುವುದಾದರೆ, ಓಡುವ ಪ್ರತಿ ಅಳತೆಯ ಟ್ಯೂಬು ಹತ್ತು, ಟೈರು ನಾಲ್ಕು, ಬ್ರೇಕ್ ಶೂ ಇಪ್ಪತ್ತು ಜೊತೆ, ಒಳಗಿನ ಬ್ರೇಕ್ ತಂತಿ ಮೂವತ್ತು, ½ × ⅛ ಚೈನು ಆರು, ಗೇರ್ ಸೈಕಲ್ಲಿನ 3/32 ಚೈನು ಮೂರು. ವಾಲ್ವಿನೊಳಗಿನ ಪಿನ್ನಿಗೆ ಹಾಕುವ ಸಣ್ಣ ರಬ್ಬರು ಕೊಳವೆ, ಅಂದರೆ ವಾಲ್ ಟ್ಯೂಬಿನ ಒಂದು ಕಟ್ಟು. ಇದು ಬಿಡಿಗಾಸಿನ ಮಾಲು, ಆದರೆ ಇದಿಲ್ಲದ ದಿನ ಗಿರಾಕಿ ಪಕ್ಕದ ಅಂಗಡಿಯ ದಾರಿ ಕಲಿಯುತ್ತಾನೆ. ರಾತ್ರಿ ತುಂಬಿದ ಗಾಳಿ ಬೆಳಿಗ್ಗೆ ಇಳಿದಿದೆ, ಟ್ಯೂಬನ್ನು ನೀರಲ್ಲಿ ಅದ್ದಿದರೆ ಎಲ್ಲೂ ಗುಳ್ಳೆ ಇಲ್ಲ ಅಂದರೆ ಮೊದಲು ವಾಲ್ ಪಿನ್ ಎಳೆದು ನೋಡಿ. ರಬ್ಬರು ಸೀಳಿರುತ್ತದೆ, ಇಲ್ಲವೇ ಪಿನ್ನಿಗೇ ಅಂಟಿ ಸತ್ತಿರುತ್ತದೆ.

ಪಂಚರ್ ಹಾಕಿದ್ದು ಬಿಟ್ಟುಕೊಳ್ಳುವುದಕ್ಕೆ ಸೊಲ್ಯೂಷನ್ನನ್ನು (ಪ್ಯಾಚಿನ ಅಂಟು) ಬೈದು ಫಲವಿಲ್ಲ, ಕಾರಣ ಅವಸರ. ಪ್ಯಾಚಿಗಿಂತ ಅರ್ಧ ಬೆರಳು ಅಗಲ ಹೊಳಪು ಹೋಗುವಂತೆ ಉಜ್ಜಿ, ಒರೆಸಿ, ಆ ಜಾಗವನ್ನು ಮತ್ತೆ ಮುಟ್ಟಬೇಡಿ. ಸೊಲ್ಯೂಷನ್ ತೆಳ್ಳಗೆ ಸವರಿ ಮೂರರಿಂದ ಐದು ನಿಮಿಷ ಬಿಡಿ. ಹಸಿ ಇರುವಾಗಲೇ ಪ್ಯಾಚ್ ಒತ್ತಿದರೆ ದ್ರಾವಕ ಒಳಗೇ ಸಿಕ್ಕಿಕೊಂಡು ಅಂಚು ಏಳುತ್ತದೆ.

ತೂತು ಎಲ್ಲಿದೆ ಅನ್ನುವುದೇ ಅದು ಆದದ್ದು ಹೇಗೆ ಅಂತಲೂ ಹೇಳುತ್ತದೆ. ರಿಮ್ಮಿನ ಕಡೆ ಇದ್ದರೆ ಚಕ್ರದ ಕಡ್ಡಿಯ ತುದಿ ಚುಚ್ಚಿದೆ, ರಿಮ್ ಟೇಪು ಸರಿದಿದೆ. ಹಾವು ಕಚ್ಚಿದಂತೆ ಜೋಡಿ ಸೀಳಿದ್ದರೆ ಗಾಳಿ ಕಡಿಮೆ ಇಟ್ಟು ಗುಂಡಿಗೆ ಇಳಿಸಿದ್ದಾರೆ. ವಾಲ್ವಿನ ಬುಡದಲ್ಲಿ ಹರಿದಿದ್ದರೆ ಪ್ಯಾಚ್ ನಿಲ್ಲದು, ಟ್ಯೂಬೇ ಬದಲಿಸಿ. ಹೊರಮೈಯಲ್ಲಿದ್ದರೆ ಮುಳ್ಳು. ಬಯಲುಸೀಮೆಯ ಬಳ್ಳಾರಿ ಜಾಲಿ ಮುಳ್ಳು ಟೈರಿನೊಳಗೇ ಮುರಿದು ಕೂರುತ್ತದೆ, ಹೊರಗಿಂದ ಕಾಣುವುದಿಲ್ಲ. ಟೈರಿನ ಒಳಮಗ್ಗುಲು ಹೊರಗೆ ಬರುವಂತೆ ಮಡಚಿ, ಹಳೇ ಬನಿಯನ್ ಬಟ್ಟೆ ಆಡಿಸಿದರೆ ದಾರ ಮುಳ್ಳಿಗೆ ಸಿಕ್ಕಿಕೊಳ್ಳುತ್ತದೆ. ಟೈರಿನ ಹೆಸರಿರುವ ಜಾಗವನ್ನು ಯಾವಾಗಲೂ ವಾಲ್ವಿನ ನೇರಕ್ಕೆ ಕೂರಿಸುವ ಅಭ್ಯಾಸವಿದ್ದರೆ, ಟ್ಯೂಬಿನ ತೂತು ನೋಡಿಯೇ ಮುಳ್ಳಿನ ಜಾಗ ಅಂದಾಜಿಗೆ ಸಿಗುತ್ತದೆ. ಈ ಕೆಲಸ ಬಿಟ್ಟವನ ಗಿರಾಕಿ ಮರುದಿನವೇ ವಾಪಸ್.

ಪೂರ್ತಿ ಬಿಚ್ಚಿ ಜೋಡಿಸುವ ಓವರಾಲಿಂಗಿನಲ್ಲಿ ಕಾಸು ಉಂಟು, ಹೆಸರು ಕೆಡುವುದೂ ಅಲ್ಲೇ. ಸಾದಾ ಸೈಕಲ್ಲಿನ ಮುಂದಿನ ಹಬ್ಬಿಗೆ (ಚಕ್ರದ ಗುಂಬ) 3/16 ಇಂಚಿನ ಬಾಲ್ಸು ಬದಿಗೆ 10, ಹಿಂದಿನದಕ್ಕೆ ¼ ಬಾಲ್ಸು ಬದಿಗೆ 9, ಎರಡೂ ಕ್ರ್ಯಾಂಕು (ಪೆಡಲ್ ಹಿಡಿಯುವ ತೋಳು) ಕೂರುವ ನಡುವಿನ ಅಚ್ಚಿಗೆ ¼ ಬಾಲ್ಸು ಬದಿಗೆ 11. ಇನ್ನೊಂದು ತುರುಕಲು ಹೋಗಬೇಡಿ, ಉಜ್ಜಾಡಿ ಸವೆಯುತ್ತವೆ. ಎರಡು ಬಾಲ್ಸು ಕಳೆದಿವೆ ಅಂತ ಹಳೆಯವುಗಳ ಜೊತೆ ಎರಡು ಹೊಸದು ಸೇರಿಸುವುದೂ ತಪ್ಪು: ಸವೆದವು ಕೂದಲೆಳೆಯಷ್ಟು ಸಣ್ಣಗಾಗಿರುತ್ತವೆ, ಭಾರವೆಲ್ಲ ಹೊಸದರ ಮೇಲೆ. ಬಾಲ್ಸನ್ನು ಒತ್ತಿ ಹಿಡಿಯುವ ಕೋನಿನಲ್ಲಿ ಉಗುರಿಗೆ ತಗಲುವ ಗುಳಿ ಇದ್ದರೆ ಕೋನೂ ಹೊಸದಾಗಲಿ. ಕೋನನ್ನು ಪೂರ್ತಿ ಬಿಗಿಸಿ ಕಾಲು ಸುತ್ತು ಹಿಂದಕ್ಕೆ ಬಿಡಿಸಿ, ಆಮೇಲೆ ಲಾಕ್ ನಟ್ ಕಟ್ಟಿ.

ಚೈನಿಗೆ ಉಕ್ಕಿನ ಸ್ಕೇಲ್ ಒಂದೇ ಸಾಕು. ಒಂದು ಪಿನ್ನಿನ ನಡುವಿಂದ ಇಪ್ಪತ್ನಾಲ್ಕನೇ ಕೊಂಡಿ ಮುಗಿಯುವ ಪಿನ್ನಿನ ನಡುವಿಗೆ ಸರಿಯಾಗಿ 12 ಇಂಚು ಇರಬೇಕು. 1/16 ಹೆಚ್ಚಿದ್ದರೆ ಚೈನು ಬದಲಿಸಿ. ⅛ ಹೆಚ್ಚಿದ್ದರೆ ಹಿಂದಿನ ಚಕ್ರದ ಫ್ರೀವೀಲಿನ ಹಲ್ಲೂ ಹೋಗಿರುತ್ತದೆ, ಹೊಸ ಚೈನು ಅದರ ಮೇಲೆ ಹಾರುತ್ತದೆ. ಅಳೆದು ತೋರಿಸಿದರೆ ಯಾರೂ ಚೌಕಾಸಿ ಮಾಡುವುದಿಲ್ಲ.

ಅಚ್ಚಿಗೆ ಓರೆ ಪಿನ್ನು (ಕಾಟರ್ ಪಿನ್) ಬಡಿದು ಕೂರಿಸುವ ಕ್ರ್ಯಾಂಕು ಈಗ ಕಡಿಮೆ, ಆದರೆ ಹಾಲಿನವರ, ತರಕಾರಿಯವರ ಸೈಕಲ್ಲಿನಲ್ಲಿ ಇನ್ನೂ ಇದೆ. ಪಿನ್ನು ಬಿಡಿಸುವಾಗ ಕ್ರ್ಯಾಂಕಿನ ಕೆಳಗೆ ದಪ್ಪ ಪೈಪಿನ ತುಂಡು ನೆಲಕ್ಕೆ ಆನಿಸಿ, ಆಮೇಲೆ ಸುತ್ತಿಗೆ. ಆನಿಸದೆ ಹೊಡೆದರೆ ಪೆಟ್ಟೆಲ್ಲ ಒಳಗೆ ಬಾಲ್ಸು ಕೂರುವ ಬಟ್ಟಲಿಗೆ ಬಿದ್ದು ಬಾಲ್ಸಿನ ಗುಳಿ ಮೂಡುತ್ತದೆ. ಆಯಾ ಕ್ರ್ಯಾಂಕು ಮೇಲಿದ್ದಾಗ ಎರಡೂ ಪಿನ್ನಿನ ನಟ್ಟು ಒಂದೇ ದಿಕ್ಕಿಗೆ ಕಾಣಬೇಕು, ಇಲ್ಲದಿದ್ದರೆ ಪೆಡಲುಗಳು ಒಂದೇ ನೇರಕ್ಕೆ ಬರುವುದಿಲ್ಲ.

ಲೆಕ್ಕದ ಮಾತು ಸ್ವಲ್ಪ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿಗೂ ಬಿಡಿಭಾಗಕ್ಕೂ ಜಿಎಸ್‌ಟಿ 12ರಿಂದ 5 ಶೇಕಡಕ್ಕೆ ಇಳಿದಿದೆ. ಬರೀ ಮಾಲು ಮಾರುವವರಿಗೆ ಜಿಎಸ್‌ಟಿ ನೋಂದಣಿ ಮಿತಿ ವರ್ಷಕ್ಕೆ 40 ಲಕ್ಷದ ವಹಿವಾಟು. ರಿಪೇರಿಯೂ ಮಾಡುವವರು 20 ಲಕ್ಷ ಅಂತಲೇ ತಿಳಿದು ನಡೆಯಬೇಕು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ಅಂಗಡಿಗಳಿಗೆ ತೆರಿಗೆ ನೋಟಿಸ್ ಬಂದದ್ದು ನೆನಪಿದೆಯಲ್ಲ? ಮನೆಯ ದುಡ್ಡು, ಅಂಗಡಿಯ ದುಡ್ಡು ಒಂದೇ ಕ್ಯೂಆರ್‌ಗೆ ಬೀಳದಿರಲಿ.

ಇನ್ನು ಹೊಸ ಸೈಕಲ್ ಜೋಡಣೆ. ಡಬ್ಬದಿಂದ ತೆಗೆದು ಹ್ಯಾಂಡಲ್, ಪೆಡಲ್ ಹಾಕಿ ಕೊಟ್ಟುಬಿಡುವುದು ಜೂನ್ ತಿಂಗಳ ರೋಗ. ಎಡ ಪೆಡಲ್ಲಿನ ಥ್ರೆಡ್ ಉಲ್ಟಾ. ಬಲದ್ದನ್ನು ಅಲ್ಲಿ ಒತ್ತಾಯಕ್ಕೆ ತಿರುಗಿಸಿದರೆ ಕ್ರ್ಯಾಂಕೇ ಹಾಳು. ಮುಂದಿನ ಫೋರ್ಕು ಹಿಂದುಮುಂದಾಗಿ ಕೂತಿದೆಯೇ ನೋಡಿ: ಡಿಸ್ಕ್ ಇದ್ದರೆ ಅದು ಸವಾರನ ಎಡಕ್ಕಿರಬೇಕು. ಹಬ್ಬಿನಲ್ಲಿ ಗ್ರೀಸ್ ಹೆಸರಿಗಷ್ಟೇ ಇರುವುದೂ ಉಂಟು, ಚಕ್ರ ತಿರುಗಿಸಿದಾಗ ಕರಕರ ಅಂದರೆ ಬಿಚ್ಚಿ. ಕ್ರ್ಯಾಂಕಿನ ಬೋಲ್ಟನ್ನು ಉದ್ದ ಪಾನಾದಲ್ಲಿ 35–40 ನ್ಯೂಟನ್ ಮೀಟರ್ ಬಿಗಿಸಿ; ಸಡಿಲವಿದ್ದರೆ ಅಲ್ಯೂಮಿನಿಯಂ ಕ್ರ್ಯಾಂಕಿನ ಚೌಕ ತೂತು ತಿಂಗಳೊಳಗೆ ದುಂಡಗಾಗಿ, ಮತ್ತೆ ಎಷ್ಟು ಬಿಗಿಸಿದರೂ ನಿಲ್ಲದು. ಹೊಸ ಕಡ್ಡಿಗಳು ಮೊದಲ ಸವಾರಿಗಳಲ್ಲೇ ಸಡಿಲಾಗುತ್ತವೆ, ಬ್ರೇಕ್ ತಂತಿ ಜಗ್ಗುತ್ತದೆ. ಅದಕ್ಕೇ ಬಿಲ್ಲಿನ ಮೇಲೆ ಮೂರು ವಾರದ ಮುಂದಿನ ಒಂದು ತಾರೀಖು ಬರೆದು, ಆ ದಿನ ತಂದರೆ ಪುಕ್ಕಟೆ ಅಂತ ಹೇಳಿ ಕಳಿಸಿ. ಬಂದಾಗ ಮೊದಲು ಕ್ರ್ಯಾಂಕ್ ಬೋಲ್ಟು, ಆಮೇಲೆ ಕಡ್ಡಿ, ಕೊನೆಗೆ ಬ್ರೇಕು. ಇಪ್ಪತ್ತು ನಿಮಿಷದ ಕೆಲಸ.