ಮಾಗಡಿ ಕೆರೆಯ ಹಸಿರು ಪಟ್ಟಿಯ ಹೆಬ್ಬಾತು

ಬೆಳಗಿನ ಆರೂವರೆಗೆ ಗದಗ ಜಿಲ್ಲೆಯ ಮಾಗಡಿ ಕೆರೆಯ ದಂಡೆ ಏರಿ ನೋಡಿದರೆ ಕೆರೆ ಖಾಲಿ. ಹೊಗೆಯಾಡುವ ನೀರು, ಆಚೆ ದಡದಲ್ಲಿ ನಾಮದ ಕೋಳಿಯೆಂಬ ಹತ್ತೆಂಟು ನೀರುಹಕ್ಕಿ, ಅಷ್ಟೆ. ಹಿಂದಿನ ಸಂಜೆ ಧಾರವಾಡದಿಂದ ಲಕ್ಷ್ಮೇಶ್ವರಕ್ಕೆ ಬಂದು, ದೊಡ್ಡಮ್ಮನ ಮನೆಯಲ್ಲಿ ಮಲಗಿ, ಐದಕ್ಕೆ ಎದ್ದು, ಡಿಸೆಂಬರಿನ ಚಳಿಯಲ್ಲಿ ತಮ್ಮನ ಬೈಕಿನ ಹಿಂದೆ ಹನ್ನೊಂದು ಕಿಲೋಮೀಟರ್ ಹಲ್ಲು ಕಟಕಟಿಸುತ್ತ ಬಂದದ್ದು ಇದಕ್ಕೋ ಎನಿಸಿತು. ತಮ್ಮ ಏನೂ ಹೇಳಲಿಲ್ಲ. ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡು ದಂಡೆಯ ಕಲ್ಲಿಗೆ ಒರಗಿದ. ಬೈದಿದ್ದರೆ ವಾಸಿಯಿತ್ತು.

ನಾನು ಬಂದದ್ದು ಪಟ್ಟೆತಲೆ ಹೆಬ್ಬಾತುಗಳಿಗಾಗಿ. ಮಂಗೋಲಿಯಾ, ಟಿಬೆಟ್ ಕಡೆಯ ಎತ್ತರದ ಸರೋವರಗಳಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ಹಿಮಾಲಯ ದಾಟಿ ಇತ್ತ ಬರುವ ಹಕ್ಕಿಗಳು ಇವು. ಏಳು ಸಾವಿರ ಮೀಟರಿಗೂ ಮೇಲೆ ಹಾರಿದ್ದು ಅವುಗಳ ಮೈಗೆ ಕಟ್ಟಿದ ಉಪಕರಣಗಳಲ್ಲೇ ದಾಖಲಾಗಿದೆ. ಅಷ್ಟೆಲ್ಲ ಹಾರಿ ಬಂದು ಇಳಿಯುವುದು ಶಿರಹಟ್ಟಿ ತಾಲ್ಲೂಕಿನಲ್ಲಿ ಮಳೆನೀರು ಹಿಡಿಯಲೆಂದು ಕಟ್ಟಿದ, ಸುಮಾರು 50 ಹೆಕ್ಟೇರಿನ ಈ ಕೆರೆಗೆ. 2024ರಲ್ಲಿ ಇದು ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸರ್ ಪಟ್ಟಿಗೆ ಸೇರಿದಾಗ, ಚಳಿಗಾಲದಲ್ಲಿ ಇಲ್ಲಿಗೆ ಎಂಟು ಸಾವಿರದಷ್ಟು ಹೆಬ್ಬಾತುಗಳು ಬರುತ್ತವೆ ಎಂದು ಓದಿದ್ದೆ. ಆ ಎಂಟು ಸಾವಿರವನ್ನು ನಂಬಿಕೊಂಡು ಬಂದವಳಿಗೆ ಒಂದೂ ಕಾಣಲಿಲ್ಲ. ಸಿಟ್ಟಿಗೆ ನಾಮದ ಕೋಳಿಗಳದೇ ಚಿತ್ರ ತೆಗೆದೆ. ಬೆಳಕು ಸಾಲದೆ ಕ್ಯಾಮೆರಾದ ಶಟರ್ ವೇಗವನ್ನು ಸೆಕೆಂಡಿನ 1/125ಕ್ಕೆ ಇಳಿಸಿದೆ. ಈ ಅಂಕಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ನಾನು ಇಟ್ಟುಕೊಳ್ಳಲಿಲ್ಲ.

ದಂಡೆಯ ಕೆಳಗೆ ಎರೆ ಹೊಲ, ಮೊಣಕಾಲಿನವರೆಗೆ ಕಡಲೆ. ನಡುವೆ ವಯಸ್ಸಾದ ಹೆಣ್ಣುಮಗಳೊಬ್ಬಳು ಹಳೆಯ ಧೋತರದ ತುಂಡನ್ನು ಗಿಡಗಳ ಮೇಲಿನಿಂದ ಮೆಲ್ಲಗೆ ಎಳೆಯುತ್ತಿದ್ದಳು. ನಾಲ್ಕು ಹೆಜ್ಜೆ ಎಳೆಯುವುದು, ನಿಂತು ಸ್ಟೀಲಿನ ಬೋಗುಣಿಗೆ ಹಿಂಡುವುದು. ಬದುವಿನ ಮೇಲೆ ನಿಂತ ನನ್ನನ್ನು ಕಂಡು, “ಹಕ್ಕಿಗೆ ಬಂದೆಯಾ ತಂಗಿ? ಅವು ಇನ್ನೂ ಉಣ್ಣಲು ಹೋಗಿವೆ” ಎಂದಳು.

“ಎಲ್ಲಿಗೆ ಅವ್ವಾ?”

“ಯಾರ ಹೊಲ ಹಸಿರಾಗಿದೆಯೋ ಅಲ್ಲಿಗೆ. ಹೊತ್ತು ಮಾರುದ್ದ ಏರಿದ ಮೇಲೆ ಬರುತ್ತವೆ. ಆಮೇಲೆ ದಿನವಿಡೀ ನೀರಿನಲ್ಲೇ.”

ಹೊಲಕ್ಕೆ ಇಳಿದೆ. ಅವಳು ಸಂಗ್ರಹಿಸುತ್ತಿದ್ದುದು ಕಡಲೆ ಹುಳಿ. ಎಲೆಯ ಮೇಲಿನ ನವಿರು ರೋಮಗಳು ಹುಳಿ ಸೂಸುತ್ತವೆ, ರಾತ್ರಿಯ ಇಬ್ಬನಿಯಲ್ಲಿ ಅದು ಕರಗುತ್ತದೆ, ಬಿಸಿಲೇರುವ ಮೊದಲು ಬಟ್ಟೆಗೆ ಹೀರಿಸಿಕೊಳ್ಳಬೇಕು. ನನ್ನ ಬೆರಳಿಗೆ ಒಂದು ಹನಿ ಹಾಕಿದಳು. ಹುಣಸೆಯಂತಲ್ಲ, ನಿಂಬೆಯಂತೆಯೂ ಅಲ್ಲ; ಮೊದಲು ಉಪ್ಪುಪ್ಪು, ಆಮೇಲೆ ಕಿವಿಯ ಬುಡ ಜುಮ್ಮೆನ್ನುವ ಹುಳಿ. ಹೊಟ್ಟೆನೋವಿಗೆ ಇದಕ್ಕಿಂತ ಮದ್ದಿಲ್ಲ ಎಂದಳು. ಹಿತ್ತಾಳೆ ಪಾತ್ರೆ ಏಕೆ ತರಬಾರದು ಎಂಬುದನ್ನೂ ಹೇಳಿದಳು: ಕಿಲುಬೇಳುತ್ತದೆ. ಅದೇ ಹುಳಿ ನನ್ನ ಹೊಸ ಚರ್ಮದ ಬೂಟಿನ ಮೇಲೂ ಕೆಲಸ ಮಾಡುತ್ತಿತ್ತು ಎಂಬುದು ತಿಳಿದದ್ದು ಮಧ್ಯಾಹ್ನ, ತುದಿಯೆಲ್ಲ ಬಿಳಿಚಿದಾಗ. ಕಡಲೆ ಹೊಲಕ್ಕೆ ರಬ್ಬರ್ ಚಪ್ಪಲಿಯಲ್ಲೇ ಹೋಗಿ.

ಹೆಬ್ಬಾತುಗಳು ಬೆಳೆ ಹಾಳು ಮಾಡುವುದಿಲ್ಲವೇ ಎಂದು ಕೇಳಿದೆ. ಪತ್ರಿಕೆಗಳಲ್ಲಿ ಓದುವಂಥ ಉತ್ತರ ಬರಬಹುದು, ದೂರದ ಅತಿಥಿಗಳು, ದೇವರ ಹಕ್ಕಿಗಳು ಎಂದೆಲ್ಲ. ಅವಳು ಬಟ್ಟೆ ಹಿಂಡುವುದನ್ನು ನಿಲ್ಲಿಸಿ ಸರಿಯಾಗಿ ಲೆಕ್ಕ ಒಪ್ಪಿಸಿದಳು.

“ಬಿತ್ತಿದ ತಿಂಗಳಿಗೆ ನಾವೇ ಕುಡಿ ಚಿವುಟುತ್ತೇವೆ, ಟಿಸಿಲು ಒಡೆಯಲಿ ಎಂದು. ಆಗ ಬಂದು ತಿಂದರೆ ಒಂದು ಕೂಲಿ ಉಳಿಯಿತು. ಹೂ ಕಚ್ಚಿದ ಮೇಲೆ ತಿಂದರೆ ನನ್ನ ಹೊಟ್ಟೆಯನ್ನೇ ತಿಂದ ಹಾಗೆ. ಹೊತ್ತು ನೋಡಿ ಬಾ ಎಂದರೆ ಅವಕ್ಕೆ ತಿಳಿಯುತ್ತದೆಯೇ?”

“ಈ ವರ್ಷ?”

“ಮೊದಲು ಕೂಲಿ ಉಳಿಸಿದವು, ಈಗ ಆ ಕೂಲಿ ವಸೂಲು ಮಾಡುತ್ತಿವೆ.” ನಕ್ಕಳು. “ಹಿಕ್ಕೆ ಹಾಕಿ ಹೋಗುತ್ತವಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿ.”

ಎಂಟೂವರೆಯ ಹೊತ್ತಿಗೆ ಅವಳೇ ಮೊದಲು ಕತ್ತೆತ್ತಿದಳು. ನನಗೆ ಇನ್ನೂ ಏನೂ ಕೇಳಿಸಿರಲಿಲ್ಲ. ಆಮೇಲೆ ಮೂಗಿನಿಂದ ಹೊರಟಂಥ ಆಂಗ್, ಆಂಗ್ ಸದ್ದು, ದಕ್ಷಿಣದ ಆಕಾಶದಲ್ಲಿ ಒಂದು ಗೆರೆ, ಅದರ ಹಿಂದೆ ಇನ್ನೊಂದು. ಕೆರೆಯ ಮೇಲೆ ಬಂದದ್ದೇ ಗೆರೆಗಳು ಬಿಚ್ಚಿಕೊಂಡವು. ರೆಕ್ಕೆ ಬಡಿಯುವುದನ್ನು ಬಿಟ್ಟು, ಮೈಯನ್ನು ಆಚೀಚೆ ಹೊರಳಿಸುತ್ತ, ಗಾಳಿ ಚೆಲ್ಲಿಕೊಂಡವರಂತೆ ಧೊಪ್ಪನೆ ಎತ್ತರ ಕಳೆದುಕೊಂಡು, ನೀರಿಗೆ ಇನ್ನೇನು ಒಂದಾಳೆತ್ತರ ಇರುವಾಗ ಕಿತ್ತಳೆ ಕಾಲುಗಳನ್ನು ಮುಂದೆ ಚಾಚಿ ಜಾರಿದವು. ಅರ್ಧ ಗಂಟೆಯಲ್ಲಿ ಕೆರೆ ಬೂದು ಬಣ್ಣಕ್ಕೆ ತಿರುಗಿತು. ತಮ್ಮ ಟೋಪಿ ತೆಗೆದು ಎದ್ದು ನಿಂತಿದ್ದ.

ನಾವಿದ್ದ ಬದುವಿನ ಎದುರಿಗೇ ಮೂವತ್ತು ನಲವತ್ತು ಹಕ್ಕಿಗಳು ದಡಕ್ಕೆ ಬಂದವು. ಬಿಳಿಯ ತಲೆ, ನೆತ್ತಿಯ ಹಿಂದೆ ಎರಡು ಕಪ್ಪು ಪಟ್ಟೆ, ಹಳದಿ ಕೊಕ್ಕಿನ ತುದಿಗೆ ಮಸಿ ಮುಟ್ಟಿಸಿದ ಹಾಗೆ. “ಅಗೋ, ಅದಕ್ಕೂ ಬಿಲ್ಲೆ ಹಾಕಿದ್ದಾರೆ, ನಮ್ಮ ಎಮ್ಮೆಯ ಕಿವಿಗೆ ಹಾಕಿದ ಹಾಗೆ” ಎಂದು ಅವ್ವ ಬೆರಳು ತೋರಿದಳು. ಒಂದರ ಕೊರಳಿಗೆ ಹಸಿರು ಪಟ್ಟಿ, ಅದರ ಮೇಲೆ ಬಿಳಿಯ ಬರಹ. ನನ್ನ ಎದೆ ಹೊಡೆದುಕೊಂಡಿತು. ಮಂಗೋಲಿಯಾದಲ್ಲಿ ಸಂಶೋಧಕರು ಇಂಥ ಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಪಟ್ಟಿಯ ಗುರುತು ಓದಿ ತಿಳಿಸಿದರೆ ಆ ಹಕ್ಕಿಯನ್ನು ಎಲ್ಲಿ, ಯಾವಾಗ ಹಿಡಿದು ಬಿಟ್ಟಿದ್ದರು ಎಂಬುದು ಗೊತ್ತಾಗುತ್ತದೆ. ಹದಿನಾಲ್ಕು ಚಿತ್ರ ತೆಗೆದೆ. ಹದಿನೈದನೆಯದಕ್ಕೆ ಮೊದಲು, ದಂಡೆಯ ಮೇಲೆ ಆಗಷ್ಟೇ ಬಂದಿದ್ದ ಗುಂಪಿನವನೊಬ್ಬ ಹಾರುವ ಚಿತ್ರ ಬೇಕೆಂದು ಜೋರಾಗಿ ಚಪ್ಪಾಳೆ ತಟ್ಟಿದ. ಎಲ್ಲ ಎದ್ದುಹೋದವು. ಎಲೆಬಣ್ಣದ ಅಂಗಿ, ಎಲೆಬಣ್ಣದ ಟೋಪಿ, ಲೆನ್ಸಿಗೂ ಎಲೆಬಣ್ಣದ ಹೊದಿಕೆ. ಕೈಗಳನ್ನು ಮಾತ್ರ ಮರೆಸಿಟ್ಟುಕೊಳ್ಳಲು ಆಗಲಿಲ್ಲ.

ಅವನನ್ನು ಬೈಯುವ ಹಕ್ಕನ್ನೂ ನಾನು ಕಳೆದುಕೊಂಡಿದ್ದೆ. ಪರದೆಯ ಮೇಲೆ ಹಿಗ್ಗಿಸಿ ನೋಡಿದರೆ ಹದಿನಾಲ್ಕೂ ಅಲುಗಿವೆ. ಕೈಯಲ್ಲಿ ಹಿಡಿದ 500 ಮಿ.ಮೀ. ಲೆನ್ಸು, ಶಟರ್ ಇನ್ನೂ 1/125ರಲ್ಲೇ. ಕನಿಷ್ಠ 1/500 ಇರಬೇಕಿತ್ತು, ಹಾರುವ ಹಕ್ಕಿಗಾದರೆ 1/1600. ಬೆಳಕು ಬದಲಾದಾಗ ಮೊದಲು ಶಟರ್ ನೋಡಿ, ಆಮೇಲೆ ಹಕ್ಕಿ ನೋಡಿ. ಪಟ್ಟಿಯ ಮೊದಲ ಅಕ್ಷರ ಇಂಗ್ಲಿಷಿನ ಸಿ ಇರಬಹುದು, ಜಿ ಇರಬಹುದು. ತಮ್ಮನ ಪ್ರಕಾರ ಸೊನ್ನೆ.

ಮಧ್ಯಾಹ್ನ ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಗೂ ಹೋದೆವು. ಚೆನ್ನಾಗಿದೆ. ನಾನು ಕಂಬದ ನೆರಳಿನಲ್ಲಿ ಕುಳಿತು ಆ ಹದಿನಾಲ್ಕು ಚಿತ್ರಗಳನ್ನೇ ಮತ್ತೆ ಮತ್ತೆ ಹಿಗ್ಗಿಸುತ್ತಿದ್ದೆ.

ಹೊರಡುವಾಗ ಅವ್ವ ಸಣ್ಣ ಗಾಜಿನ ಶೀಶೆಯಲ್ಲಿ ಹುಳಿ ತುಂಬಿ ಕೊಟ್ಟಿದ್ದಳು. ಎಷ್ಟು ಹೇಳಿದರೂ ದುಡ್ಡು ಮುಟ್ಟಲಿಲ್ಲ. ಮನೆಯಲ್ಲಿ ದೊಡ್ಡಮ್ಮ ಮುಚ್ಚಳ ತೆಗೆದು ಮೂಸಿ, ನಾಲಿಗೆಗೆ ಹಚ್ಚಿ, “ನಮ್ಮ ಹೊಲದ ಹುಳಿ ಇದಕ್ಕಿಂತ ಖಡಕ್ಕಾಗಿರುತ್ತಿತ್ತು” ಎಂದು ಮೂಗು ಮುರಿದಳು. ಆಮೇಲೆ ಶೀಶೆಯನ್ನು ನನ್ನ ಕೈಗೆ ಕೊಡದೆ ತನ್ನ ಮಾಡಿನಲ್ಲಿಟ್ಟು ಪರದೆ ಎಳೆದಳು.