ನೆರಳು ಮೊದಲು, ಹುಲಿಪಟ್ಟೆ ಆಮೇಲೆ: ಟಿಪ್ಪುವಿನ ಪದಾತಿದಳ, 28 ಮಿ.ಮೀ.

28 ಮಿ.ಮೀ. ಎತ್ತರದ ಪುಟ್ಟ ಸೈನಿಕ ಬೊಂಬೆಗಳಿಗೆ ಬಣ್ಣ ಹಚ್ಚುತ್ತಿದ್ದೇನೆ, ಮೈಸೂರು ಪದಾತಿದಳದ ಮುಂಸಾಲು ಮುಗಿಯಿತು. ಪ್ರೈಮರ್, ಮೈಬಣ್ಣ, ಕೋವಿ, ಚಪ್ಪಲಿ, ಬೇಸ್ ಎಲ್ಲ ಎಂದಿನ ಹಾಗೇ ಆದವು, ಅವನ್ನು ಬಿಟ್ಟುಬಿಡೋಣ. ಇಡೀ ದಳವನ್ನು ತಡೆದು ನಿಲ್ಲಿಸಿದ್ದು ನೇರಳೆ ಅಂಗಿಯ ಮೇಲಿನ ಬಿಳಿ ಬಬ್ರಿ ಪಟ್ಟೆ, ಅಂದರೆ ಟಿಪ್ಪುವಿನ ಹುಲಿಪಟ್ಟೆಯ ಗುರುತು. ಪಟ್ಟೆ ಬರೆದು ನೆರಳಿಗೆಂದು ವಾಷ್ (ತಗ್ಗುಗಳಿಗೆ ಹರಿದು ನಿಲ್ಲುವ ತೆಳು ಬಣ್ಣ) ಕೊಟ್ಟರೆ ಬಿಳಿ ಕೊಳೆಯಾಗುತ್ತದೆ. ಕೊಡದೆ ಬಿಟ್ಟರೆ ನೆರಿಗೆಗಳೇ ಕಾಣುವುದಿಲ್ಲ.

ಕೊಳೆಯಾಗಲು ಕಾರಣ ಸರಳ. ಮ್ಯಾಟ್ (ಹೊಳಪಿಲ್ಲದ) ಬಿಳಿಯ ಮೇಲ್ಮೈ ಒರಟು. ವಾಷ್ ತಗ್ಗಿಗೆ ಇಳಿಯುವ ಮೊದಲೇ ಅದರ ಕಣಗಳು ಅಲ್ಲಿ ಕಚ್ಚಿಕೊಳ್ಳುತ್ತವೆ. ಒಣಗುವಾಗ ಅಂಚಿನ ನೀರು ಮೊದಲು ಆರುತ್ತದೆ, ಒಳಗಿನ ನೀರು ಕಣಗಳನ್ನು ಹೊತ್ತುಕೊಂಡು ಅಂಚಿಗೆ ಹರಿಯುತ್ತದೆ. ಪ್ರತಿ ಪಟ್ಟೆಯ ಸುತ್ತ ಒಂದು ಕರೆ ಉಳಿಯುತ್ತದೆ. ವಾಷನ್ನು ಮೀಡಿಯಂ (ಬಣ್ಣವಿಲ್ಲದ ದ್ರವ) ಹಾಕಿ ತೆಳು ಮಾಡಿದರೆ ಕರೆ ಮಸುಕಾಗುತ್ತದೆ, ಹೋಗುವುದಿಲ್ಲ. ಅದರಲ್ಲೂ ಎಲ್ಲರೂ ಕಣ್ಣುಮುಚ್ಚಿ ಬಳಸುವ ಕಂದು ವಾಷ್ ನೇರಳೆಗೆ ಶತ್ರು. ಕಂದಿನೊಳಗಿನ ಹಳದಿ ನೇರಳೆಯ ವಿರುದ್ಧ ಬಣ್ಣ, ಎರಡೂ ಸೇರಿದರೆ ಕೆಸರೇ.

ದಾರಿ ಸಿಕ್ಕಿದ್ದು ಕ್ರಮವನ್ನು ತಿರುಗಿಸಿದಾಗ. ಪಟ್ಟೆಯ ಯೋಚನೆಯನ್ನೇ ಬಿಟ್ಟು ಮೊದಲು ಬರೀ ನೇರಳೆ ಅಂಗಿಯನ್ನು ನೆರಳು, ಬೆಳಕು ಸಮೇತ ಪೂರ್ತಿ ಮುಗಿಸಬೇಕು. ತಗ್ಗಿಗೆ 2 ಹನಿ ನೇರಳೆ, 1 ಹನಿ ಡಾರ್ಕ್ ಪ್ರಷ್ಯನ್ ಬ್ಲೂ. ಉಬ್ಬಿಗೆ ನೇರಳೆಯ ಜೊತೆ ತಿಳಿ ಬೂದು. ಬಿಳಿ ಬೆರೆಸಿದರೆ ಅಂಗಿ ಗುಲಾಬಿಯ ಕಡೆ ವಾಲುತ್ತದೆ. ಉಬ್ಬು ತಗ್ಗಿನ ನಡುವಿನ ಅಂತರ ಸಾಮಾನ್ಯಕ್ಕಿಂತ ಒಂದು ಹೆಜ್ಜೆ ಹೆಚ್ಚೇ ಇರಲಿ. ಮೇಲೆ ಪಟ್ಟೆ ಬಂದಾಗ ಅರ್ಧ ಅಂಗಿ ಮುಚ್ಚಿಹೋಗುತ್ತದೆ, ಸೌಮ್ಯವಾದ ನೆರಳು ಅದರಲ್ಲಿ ಮುಳುಗಿಬಿಡುತ್ತದೆ.

ಇನ್ನು ನಿಜವಾದ ಕೀಲಿ: ಪಟ್ಟೆಗೆ ಮೊದಲು ಅಂಗಿಗೆ ಒಂದು ಪದರ ವಾರ್ನಿಷ್. ಅದು ರಾತ್ರಿಯಿಡೀ ಆರಿದ ಮೇಲೆ ಪಟ್ಟೆ ಸೊಟ್ಟಗಾದರೆ ಒದ್ದೆ ಬ್ರಷ್‌ನಿಂದ ತಕ್ಷಣ ಒರೆಸಿ ತೆಗೆಯಬಹುದು, ಕೆಳಗಿನ ನೆರಳಿಗೆ ಏನೂ ಆಗುವುದಿಲ್ಲ. ಆದರೆ ಬರೀ ಗ್ಲಾಸ್ (ಹೊಳಪಿನ) ವಾರ್ನಿಷ್ ಬೇಡ. ಅದರ ಮೇಲೆ ತೆಳು ಬಣ್ಣ ಗುಂಡಗೆ ಹನಿಗಟ್ಟಿ ಜಾರುತ್ತದೆ, ಹೊಳಪಿನಲ್ಲಿ ನೆರಳು ಎಲ್ಲಿದೆಯೆಂದೂ ತಿಳಿಯುವುದಿಲ್ಲ. ಗ್ಲಾಸ್, ಮ್ಯಾಟ್ ಸಮಸಮ ಬೆರೆಸಿದರೆ ಬಣ್ಣ ಹಿಡಿಯುತ್ತದೆ, ಒರೆಸಿದರೆ ಬಿಡುತ್ತದೆ.

ಪಟ್ಟೆಗೂ ನೆರಳು ಬೇಕು, ಅದನ್ನು ವಾಷ್‌ನಿಂದಲ್ಲ, ಬಣ್ಣದಿಂದಲೇ ಕೊಡಬೇಕು. ಮೊದಲು ಎಲ್ಲ ಪಟ್ಟೆಗಳನ್ನೂ ನೇರಳೆ ಬೂದಿನಲ್ಲಿ (3 ಪಾಲು ತಿಳಿ ಬೂದು, 1 ಪಾಲು ಅಂಗಿಯ ನೇರಳೆ) ಬರೆಯುವುದು. ಎರಡನೆಯ ಸುತ್ತಿನಲ್ಲಿ ಬೂದು ಮತ್ತು ಐವರಿ (ದಂತದ ಬಿಳಿ) ಸಮಪಾಲು, ತಗ್ಗಿನೊಳಗೆ ಇಳಿದ ಭಾಗವನ್ನು ಬಿಟ್ಟು. ಕೊನೆಗೆ ಬರೀ ಐವರಿ, ನೆರಿಗೆಯ ನೆತ್ತಿಯ ಮೇಲೆ, ಭುಜದ ಮೇಲೆ ಮಾತ್ರ. ಅಚ್ಚ ಬಿಳಿ ಎಲ್ಲಿಯೂ ಬೇಕಾಗಲಿಲ್ಲ. ಒಂದೇ ಪಟ್ಟೆ ತಗ್ಗಿನಲ್ಲಿ ಮಂಕಾಗಿ ಇಳಿದು ಆಚೆ ಉಬ್ಬಿನಲ್ಲಿ ಬೆಳ್ಳಗೆ ಏಳುವುದನ್ನು ಕೈಯಲ್ಲಿ ಹಿಡಿದು ನೋಡಿದರೆ ಪಟ್ಟಪಾಡೆಲ್ಲ ಸಾರ್ಥಕ.

ಆಕಾರದ ಮಾತು. ನಡುವೆ ದಪ್ಪ, ಎರಡು ತುದಿ ಚೂಪು, ಸ್ವಲ್ಪ ಬಾಗು. ಮೊದಲು ನಡುವಿನ ಚುಕ್ಕೆ ಇಟ್ಟು ಆಮೇಲೆ ಎರಡೂ ಕಡೆಗೆ ಬಾಲ ಎಳೆದರೆ ತಪ್ಪು ಕಡಿಮೆ. ಉದ್ದ 2 ಮಿ.ಮೀ. ಸಾಕು. ಬೆನ್ನಿಗೆ ಎಂಟೊಂಬತ್ತು, ತೋಳಿಗೆ ಮೂರ್ನಾಲ್ಕು, ಸಾಲಿನಿಂದ ಸಾಲಿಗೆ ಅರ್ಧ ಸರಿಸಿ. ಇದಕ್ಕಿಂತ ಹೆಚ್ಚು ತುರುಕಿದರೆ ಮೇಜಿನ ದೂರದಿಂದ ಅಂಗಿ ಬೂದಾಗಿ ಕಾಣುತ್ತದೆ. ಆ ಕಾಲದ ಇಂಗ್ಲಿಷ್ ಬರಹಗಳಲ್ಲಿ ನೇರಳೆ ಬಟ್ಟೆಯ ಮೇಲೆ ಬಿಳಿ ವಜ್ರಾಕಾರದ ಗುರುತು, ಕೆಂಪು ರುಮಾಲು, ಕೆಂಪು ನಡುಕಟ್ಟು ಎಂದಿದೆ. ನೇರಳೆ ಎಷ್ಟು ಗಾಢ ಎಂಬುದಕ್ಕೆ ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಚಿತ್ರವನ್ನು ನೆಚ್ಚಬೇಡಿ. 19ನೇ ಶತಮಾನದಲ್ಲಿ ಅದಕ್ಕೆ ಮತ್ತೆ ಬಣ್ಣ ಹಚ್ಚಲಾಗಿದೆ. ಬಿಸಿಲಿಗೆ ಮಾಸುವ ಬಟ್ಟೆಯಾದ್ದರಿಂದ ನಾಲ್ಕು ಬೊಂಬೆಗೊಮ್ಮೆ ಮಿಶ್ರಣವನ್ನು ತುಸು ಬದಲಿಸಿದೆ. ದಳಕ್ಕೆ ಜೀವ ಬಂತು.

ಬ್ರಷ್ 000 ಬೇಡ, ಚೂಪು ತುದಿಯ 1ನೇ ನಂಬರ್ ಬೇಕು. ಸಣ್ಣ ಬ್ರಷ್‌ಗೆ ಹೊಟ್ಟೆಯೇ ಇಲ್ಲ, ಏಪ್ರಿಲ್ ಸೆಕೆಯಲ್ಲಿ ಬೊಂಬೆ ಮುಟ್ಟುವಷ್ಟರಲ್ಲಿ ತುದಿ ಒಣಗಿರುತ್ತದೆ. ಬಣ್ಣ ನೀರುಮಜ್ಜಿಗೆಯ ಹದಕ್ಕಿಂತ ತುಸು ಗಟ್ಟಿ, ಜೊತೆಗೆ ಒಂದು ಹನಿ ಗ್ಲೇಜ್ ಮೀಡಿಯಂ. ವೆಟ್ ಪ್ಯಾಲೆಟ್‌ಗೆ (ಒದ್ದೆ ಸ್ಪಂಜಿನ ಮೇಲೆ ಕಾಗದ ಹಾಸಿ ಬಣ್ಣ ಆರದಂತೆ ಇಡುವ ತಟ್ಟೆ) ಬಟರ್ ಪೇಪರ್ ಕೇಳಿದರೆ ಅಂಗಡಿಯವರು ಮೇಣ ಸವರಿದ್ದನ್ನೋ ಟ್ರೇಸಿಂಗ್ ಕಾಗದವನ್ನೋ ಕಟ್ಟಿಕೊಡುತ್ತಾರೆ. ಮೇಣದ್ದರಲ್ಲಿ ತೇವ ಮೇಲೆ ಬರುವುದೇ ಇಲ್ಲ. ಕೇಕ್ ಬೇಯಿಸುವ ಕಾಗದ ಎಂದು ಒತ್ತಿ ಹೇಳಿ, ಮನೆಗೆ ತಂದ ಕೂಡಲೇ ಒಂದು ತುಂಡನ್ನು ಒದ್ದೆ ಸ್ಪಂಜಿನ ಮೇಲಿಟ್ಟು ಪರೀಕ್ಷಿಸಿ.

ಮುಂದಿನದು ರಾಕೆಟ್ ದಳ, ಅದರ ಲೆಕ್ಕ ಆಗಲೇ ಶುರುವಾಗಿದೆ. ಮೈಸೂರಿನ ರಾಕೆಟ್ಟಿನ ಕಬ್ಬಿಣದ ಕೊಳವೆ ಸುಮಾರು 20 ಸೆಂ.ಮೀ. ಉದ್ದ, ಬಿದಿರಿನ ಕೋಲು ಸುಮಾರು 1.2 ಮೀಟರ್, ಎರಡನ್ನೂ ಬಿಗಿಯಲು ಚರ್ಮದ ಪಟ್ಟಿ. 28 ಮಿ.ಮೀ. ಬೊಂಬೆಗೆ ಹೊಂದುವ 1/56 ಅಳತೆಗೆ ಕೊಳವೆ 3.6 ಮಿ.ಮೀ., ಕೋಲು 21 ಮಿ.ಮೀ. 5 ಸೆಂ.ಮೀ. ವ್ಯಾಸದ ಕೊಳವೆ 0.9 ಮಿ.ಮೀ. ಆಗುತ್ತದೆ, 20 ಗೇಜ್ ಇಂಜೆಕ್ಷನ್ ಸೂಜಿಯ ದಪ್ಪ ಸರಿಯಾಗಿ ಅಷ್ಟೇ. ಹೊಸ ಸೂಜಿಯನ್ನೇ ತನ್ನಿ. ಕಟಿಂಗ್ ಪ್ಲೇಯರ್‌ನಿಂದ ಕತ್ತರಿಸಿದರೆ ಬಾಯಿ ಚಪ್ಪಟೆಯಾಗುತ್ತದೆ, ರೋಟರಿ ಟೂಲಿನ ಡಿಸ್ಕ್ ಬೇಕು, ಕಣ್ಣಿಗೆ ಕನ್ನಡಕ ಕಡ್ಡಾಯ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಹಳೇ ಬಾವಿಯಲ್ಲಿ ಸಿಕ್ಕ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಬೇರೆ ಬೇರೆ ಅಳತೆಯವು, ಹಾಗಾಗಿ ಕೆಲವನ್ನು 4.5 ಮಿ.ಮೀ.ಗೂ ಕತ್ತರಿಸಬಹುದು.

ಮುಂಸಾಲಿಗೆ ಕೊನೆಯ ಮ್ಯಾಟ್ ವಾರ್ನಿಷ್ ಬ್ರಷ್‌ನಲ್ಲೇ, ತೆಳುವಾಗಿ ಎರಡು ಪದರ, ಬಾಟಲಿ ಚೆನ್ನಾಗಿ ಕುಲುಕಿ. ಮಳೆಗಾಲದ ತೇವದಲ್ಲಿ ಸ್ಪ್ರೇ ಹೊಡೆದರೆ ಬಿಳಿ ಮಂಜು ಕಟ್ಟುತ್ತದೆ, ನೇರಳೆಯ ಮೇಲೆ ಅದು ಎದ್ದು ಕಾಣುತ್ತದೆ. ಹಿಂಸಾಲಿನ ಅಂಗಿಗಳಿಗೆ ನೆರಳು ಮುಗಿದು ವಾರ್ನಿಷ್ ಆರುತ್ತಿದೆ. ಅಷ್ಟರಲ್ಲಿ ರುಮಾಲುಗಳಿಗೆ ಕಡುಗೆಂಪು ವಾಷ್. ಅಲ್ಲಿ ಬಿಳಿ ಇಲ್ಲ, ಧಾರಾಳವಾಗಿ ಹಾಕಬಹುದು.